ಮೊದಲು ಮುಗಿಸಿದ ಹುಡುಗಿ

ಶಾಲೆಯಿಂದ ಫೋನ್ ಬಂದಾಗ ಅವಳು ಅಂಗಡಿಯ ಹಿಂಬದಿಯಲ್ಲಿ ಕೂತು ಫೋಟೋ ಚೌಕಟ್ಟಿಗೆ ಸಣ್ಣ ಮೊಳೆ ಹೊಡೆಯುತ್ತಿದ್ದಳು. ಸಂಜೆ ಒಮ್ಮೆ ಬಂದು ಹೋಗಿ ಎಂದರು ಮಗಳ ಕ್ಲಾಸ್ ಟೀಚರ್. ಯಾಕೆ ಎಂದು ಅವಳು ಕೇಳಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಯಾರು ಏನು ಹೇಳಿದರೂ ಆಯ್ತು ಎನ್ನುತ್ತಿದ್ದಳು.

ಅಂಗಡಿ ಗಾಜಿನದು. ಕಿಟಕಿ ಗಾಜು, ಬೀರುವಿನ ಗಾಜು, ಕನ್ನಡಿ. ಅಳತೆ ತಂದವರಿಗೆ ಕೊಯ್ದು ಕೊಡುವುದು. ಗಂಡ ಇದ್ದಾಗ ಅಣ್ಣ ತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದರು. ಈಗ ತಮ್ಮ ಗಾಜು ಕೊಯ್ಯುತ್ತಾನೆ, ಅತ್ತಿಗೆ ಫೋಟೋಗಳಿಗೆ ಕಟ್ಟು ಹಾಕುತ್ತಾಳೆ. ಮೈದುನನ ಸಂಸಾರ ಪಕ್ಕದ ಬೀದಿಯಲ್ಲಿದೆ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ತಾಯಿ ಮಗಳು ಇಬ್ಬರೇ.

ಮಗಳಿಗೆ ಒಂಬತ್ತು ವರ್ಷ. ಅವಳಪ್ಪ ಅವಳನ್ನು ಯಾಕಮ್ಮ ಎಂದು ಕರೆಯುತ್ತಿದ್ದ. ಮಾತು ಕಲಿತಾಗಿನಿಂದ ಅವಳ ಬಾಯಲ್ಲಿ ಅದೊಂದೇ. ಗಾಜಿನ ಆಚೆ ಕಾಣುತ್ತೆ, ಕನ್ನಡಿ ಆಚೆ ಯಾಕೆ ಕಾಣಲ್ಲ? ಗಾಜು ಗೆರೆ ಎಳೆದ ಕಡೆಯೇ ಯಾಕೆ ಮುರಿಯುತ್ತೆ? ಉತ್ತರ ಕೊಟ್ಟರೆ ಅದಕ್ಕೂ ಒಂದು ಯಾಕೆ. "ನಿನ್ನ ಮಗಳಿಗೆ ಉತ್ತರ ಹೇಳೋಕೆ ಬೇರೆ ಒಂದು ಆಳು ಇಡಬೇಕು ಕಣಣ್ಣ" ಎಂದು ಚಿಕ್ಕಪ್ಪ ತಮಾಷೆ ಮಾಡುತ್ತಿದ್ದ. ಬೀದಿಯವರೂ ಅವಳನ್ನು ಹಾಗೆಯೇ ಕರೆದರು. ಈಗಲೂ ಹಾಗೆಯೇ ಕರೆಯುತ್ತಾರೆ. ಆದರೆ ಹುಡುಗಿ ಏನನ್ನೂ ಕೇಳುವುದಿಲ್ಲ. ಕರೆದರೆ ತಿರುಗಿ ನೋಡುತ್ತಾಳೆ, ಅಷ್ಟೆ.

ಕಾರಣ ಎಲ್ಲರಿಗೂ ಗೊತ್ತಿತ್ತು. ಪಾಪ, ಅಪ್ಪ ಹೋದನಲ್ಲ.

ಶಾಲೆಯಲ್ಲಿ ಕ್ಲಾಸ್ ಟೀಚರ್ ಕಾದಿದ್ದರು. ಮಕ್ಕಳಿಲ್ಲದ ಕೋಣೆ. ಬೋರ್ಡಿನ ಮೇಲೆ ಅರ್ಧ ಅಳಿಸಿದ ಲೆಕ್ಕ.

"ಕೂತ್ಕೊಳ್ಳಿ ಅಮ್ಮಾ. ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪರೀಕ್ಷೇಲಿ ನಿಮ್ಮ ಮಗಳು ಅರ್ಧ ಬರೆದು ಬಿಟ್ಟುಬಿಟ್ಟಿದ್ದಾಳೆ. ಎಲ್ಲಾ ವಿಷಯದಲ್ಲೂ ಹಾಗೇ. ಕ್ಲಾಸಲ್ಲೂ ಅಷ್ಟೇ, ಯಾವಾಗ ನೋಡಿದ್ರೂ ಬೆಂಚಿನ ಮೇಲೆ ತಲೆ."

"ಹ್ಞೂಂ."

"ಮನಸ್ಸಿಗೆ ಏಟು ಬಿದ್ದಿದೆ. ನನಗೂ ಅರ್ಥ ಆಗುತ್ತೆ. ಅದಕ್ಕೇ ಅಂದ್ಕೊಂಡೆ, ಇನ್ನೊಂದು ವರ್ಷ ನಾಲ್ಕನೇ ಕ್ಲಾಸಲ್ಲೇ ಇರಲಿ. ಗೊತ್ತಿರೋ ಪಾಠ, ಹಗುರ ಆಗುತ್ತೆ. ನಿಧಾನಕ್ಕೆ ಸುಧಾರಿಸ್ಕೊಳ್ಳಲಿ."

"ಆಯ್ತು ಮೇಡಂ."

ಟೀಚರ್ ಅವಳ ಮುಖ ನೋಡಿದರು. "ಈಗಲೇ ಹೇಳಬೇಡಿ. ಮನೇಲಿ ಮಾತಾಡಿ. ರಜೆ ಶುರುವಾಗೋದರೊಳಗೆ ತಿಳಿಸಿದ್ರೆ ಸಾಕು."

ಮನೆಯಲ್ಲಿ ಮಾತಾಡಲು ಯಾರಿದ್ದರು? ದಾರಿಯಲ್ಲಿ ಅವಳು ಮಗಳಿಗೇ ಹೇಳಿದಳು. "ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಇರ್ತೀಯಾ?"

ಹುಡುಗಿ ನಿಂತಳು. "ಅದೇ ಪುಸ್ತಕಾನಾ?"

"ಅದೇ ಪುಸ್ತಕ."

ಹುಡುಗಿ ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಊಟ ಬೇಡ ಎಂದಳು. ತಾಯಿಗೂ ಬೇಡವಾಗಿತ್ತು. ಹಾಗಾಗಿ ಒತ್ತಾಯ ಮಾಡುವವರು ಯಾರೂ ಇರಲಿಲ್ಲ.

ಮರುದಿನ ಮೈದುನನಿಗೆ ವಿಷಯ ಗೊತ್ತಾಯಿತು.

"ಒಂದು ವರ್ಷ ತಾನೇ ಅತ್ತಿಗೆ, ಏನೂ ಮುಳುಗಿಹೋಗಲ್ಲ. ನಾನು ಏಳನೇ ಕ್ಲಾಸಲ್ಲಿ ಮೂರು ವರ್ಷ ಕೂತೆ. ಕೊನೇಗೆ ಆ ಬೆಂಚು ಬಿಟ್ಟು ಬರೋಕೆ ನನಗೇ ಮನಸ್ಸಿರಲಿಲ್ಲ."

"ಹ್ಞೂಂ."

"ಅಪ್ಪನಿಲ್ಲದ ಮಗು. ಓದು ಓದು ಅಂತ ಬೆನ್ನು ಹತ್ತಬೇಡಿ. ಅದರ ಪಾಡಿಗೆ ಬಿಟ್ಟುಬಿಡಿ."

ಅವಳು ಮೊಳೆಗಳ ಡಬ್ಬಿಯನ್ನು ಹತ್ತಿರ ಎಳೆದುಕೊಂಡಳು. ಬಿಟ್ಟುಬಿಡುವುದು ಅವಳಿಗೆ ಕಷ್ಟವಿರಲಿಲ್ಲ. ಎಲ್ಲವನ್ನೂ ಬಿಟ್ಟಾಗಿತ್ತು.

ಅದೇ ವಾರ ಅಂಗಡಿಗೆ ಮಹಿಳೆಯೊಬ್ಬರು ಬಂದರು. ಈಚೆಗೆ ಈ ಕಡೆ ಮನೆ ಬದಲಾಯಿಸಿದವರು. ಸಾಮಾನು ಸಾಗಿಸುವಾಗ ಪುಸ್ತಕದ ಬೀರುವಿನ ಗಾಜೆಲ್ಲ ಒಡೆದಿತ್ತು. ಆರು ಬಾಗಿಲು, ಒಂದೊಂದೂ ಒಂದೊಂದು ಅಳತೆ. ಅವರ ಕೆಲಸ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಕಲಿಕೆಯಲ್ಲಿ ಟೀಚರುಗಳಿಗೆ ನೆರವಾಗುವುದು. ಮೈದುನ ಇದನ್ನು ಕೇಳಿ, "ಹಾಗಾದ್ರೆ ನಿಮಗೆ ಒಂದು ಕಡೆ ಕುರ್ಚಿ ಇಲ್ಲ ಅನ್ನಿ. ಸುತ್ತೋ ಟೀಚರ್" ಎಂದ. ಅವರು ನಕ್ಕರು. ಅವರ ಹೆಸರು ಅಲ್ಲಿ ಅದೇ ಆಯಿತು.

ಆ ಅಂಗಡಿಯಲ್ಲಿ ಒಂದು ರೂಢಿಯಿತ್ತು. ಕೊಯ್ದ ಗಾಜನ್ನು ಮತ್ತೆ ಕೂಡಿಸಲಾಗದು. ಹಾಗಾಗಿ ಮೊದಲು ಪ್ರತಿ ಅಳತೆಗೂ ರಟ್ಟಿನ ತುಂಡು ಕತ್ತರಿಸಿ, ಅವನ್ನು ಗಾಜಿನ ಹಾಳೆಯ ಮೇಲೆ ಜೋಡಿಸಿ ನೋಡುತ್ತಿದ್ದರು. ಎಲ್ಲ ಸರಿಯಾಗಿ ಕೂತ ಮೇಲೆಯೇ ಗೆರೆ ಎಳೆಯುವುದು. ಮೈದುನ ಆರು ರಟ್ಟನ್ನೂ ಹಾಗೆ ಹೀಗೆ ತಿರುಗಿಸಿದ. ಒಂದು ಹೊರಗೇ ಉಳಿಯಿತು.

"ಎರಡು ಹಾಳೆ ಬೇಕಾಗುತ್ತೆ ಮೇಡಂ" ಎಂದು, ಹೊರಗೆ ಗಾಡಿ ನಿಲ್ಲಿಸಿದ ಇನ್ನೊಬ್ಬ ಗಿರಾಕಿಯ ಹತ್ತಿರ ಹೋದ.

ಆಗ ಹುಡುಗಿ ಶಾಲೆಯಿಂದ ಬಂದಳು. ಬೆನ್ನ ಮೇಲೆ ಬ್ಯಾಗು ಹಾಗೆಯೇ ಇತ್ತು. ಮೇಜಿನ ಮುಂದೆ ನಿಂತು ನೋಡಿದಳು. ದೊಡ್ಡ ತುಂಡೊಂದನ್ನು ಅಡ್ಡ ತಿರುಗಿಸಿದಳು. ಎರಡನ್ನು ಅದರ ಪಕ್ಕಕ್ಕೆ ಸರಿಸಿದಳು. ಹೊರಗೆ ಉಳಿದಿದ್ದನ್ನು ಮೂಲೆಗೆ ಇಟ್ಟಳು. ಆರೂ ಒಂದೇ ಹಾಳೆಯಲ್ಲಿ ಕೂತವು. ಅಂಚಿನಲ್ಲಿ ಬೆರಳಗಲದ ಪಟ್ಟಿ ಉಳಿದಿತ್ತು.

ಬಾಗಿಲ ಬಳಿ ಚಿಕ್ಕಪ್ಪನ ದನಿ ಕೇಳಿಸಿತು. ಅವಳು ಎಲ್ಲವನ್ನೂ ಮೊದಲಿದ್ದ ಹಾಗೆಯೇ ಕೆಡಿಸಿ ಇಟ್ಟಳು. ಒಂದು ರಟ್ಟನ್ನು ಹೊರಗೆ ಹಾಕಿ ಮೆಟ್ಟಿಲ ಕಡೆ ನಡೆದಳು.

ಸುತ್ತೋ ಟೀಚರ್ ಗೋಡೆಗೆ ಒರಗಿ ನಿಂತು ಇದೆಲ್ಲ ನೋಡಿದ್ದರು. ಮೆತ್ತಗೆ ಕೇಳಿದರು. "ಸರಿಯಾಗಿ ಕೂತಿತ್ತಲ್ಲ ಪುಟ್ಟೀ. ಯಾಕೆ ಕೆಡಿಸಿದೆ?"

"ಚಿಕ್ಕಪ್ಪಂಗೆ ಬೇಜಾರಾಗುತ್ತೆ" ಎಂದು ಹುಡುಗಿ ಮೇಲೆ ಹೋದಳು.

ಅವರು ಮೈದುನನಿಗೆ ಹೇಳಿದಾಗ ಅವನು ನಂಬಲಿಲ್ಲ. "ಒಂದೇ ಹಾಳೇಲಿ ಆರಾ? ಇಪ್ಪತ್ತು ವರ್ಷದಿಂದ ಗಾಜು ಕೊಯ್ತಾ ಇದೀನಿ ಮೇಡಂ, ನನ್ನ ಕೈ ಬೆರಳಿನ ಗಾಯ ನೋಡಿ. ಆಗಲ್ಲ." ಮತ್ತೆ ತಿರುಗಿಸಿದ. ಆಗಲಿಲ್ಲ. ಸುತ್ತೋ ಟೀಚರೂ ಕೈ ಹಾಕಿದರು. "ಕಣ್ಣಾರೆ ನೋಡಿದೀನಿ. ಆದ್ರೂ ನನಗೂ ಬರ್ತಿಲ್ಲ" ಎಂದರು. ಕೊನೆಗೆ ಹುಡುಗಿಯನ್ನು ಕರೆಯಬೇಕಾಯಿತು. ಅವಳು ಬಂದು, ಯಾರ ಮುಖವನ್ನೂ ನೋಡದೆ, ಜೋಡಿಸಿಟ್ಟು ಹೋದಳು.

ಮೈದುನ ತಲೆ ಕೆರೆದುಕೊಂಡ. "ಥೇಟ್ ಅವರಪ್ಪನ ಕೈ ಇದು. ಆದ್ರೆ ಮೇಡಂ, ಇಷ್ಟು ಬುದ್ಧಿ ಇದ್ದೋಳು ಪರೀಕ್ಷೇಲಿ ಮಗುಚಿಕೊಂಡಿದ್ದು ಹೇಗೆ? ಅದೇ ಕ್ಲಾಸಲ್ಲಿ ಕೂರಿಸ್ತೀವಿ ಅಂತಿದ್ದಾರೆ."

"ಅವರಮ್ಮ ಎಲ್ಲಿದ್ದಾರೆ?" ಎಂದು ಕೇಳಿದರು ಸುತ್ತೋ ಟೀಚರ್.

ಮೇಲಿನ ಮನೆಯಲ್ಲಿ ತಾಯಿ ಟೀ ಇಟ್ಟಳು. ಬಹಳ ದಿನದ ಮೇಲೆ ಆ ಮನೆಗೆ ಹೊರಗಿನವರೊಬ್ಬರು ಬಂದು ಕೂತಿದ್ದರು. ಮೈದುನನೂ ಬಂದು ಬಾಗಿಲಲ್ಲಿ ನಿಂತ.

"ಅವರಪ್ಪ ಹೋದ ಮೇಲೆ ಹೀಗಾಗಿದ್ದಾಳೆ" ಎಂದಳು ತಾಯಿ.

"ದುಃಖ ಇದ್ದೇ ಇರುತ್ತೆ. ಅದರ ಜೊತೆ ಇನ್ನೇನಾದ್ರೂ ಇರಬಹುದಲ್ಲ. ಅದಕ್ಕೂ ಮುಂಚೆ ಚೆನ್ನಾಗಿ ಶಾಲೆಗೆ ಹೋಗ್ತಿದ್ಲಾ?"

ತಾಯಿ ಹೌದು ಎನ್ನಲು ಹೊರಟಳು. ಅಷ್ಟರಲ್ಲಿ ಒಂದು ಬೆಳಗ್ಗೆ ನೆನಪಾಯಿತು. ಗಂಡ ಶರಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದ್ದ: ಶಾಲೆ ಅಂದ್ರೆ ಹೊಟ್ಟೆನೋವು ಅಂತಾಳೆ, ರಜೆ ಬಂದ್ರೆ ನೋವಿಲ್ಲ. ಒಂದ್ಸಲ ಹೋಗಿ ಟೀಚರ್ ಹತ್ರ ಮಾತಾಡಿ ಬರ್ತೀನಿ. ಆಮೇಲೆ ಅವನಿಗೆ ಹೋಗಲು ಆಗಲಿಲ್ಲ. ಅವನು ಹೋಗಬೇಕೆಂದಿದ್ದನ್ನು ಅವಳು ಮರೆತೇಬಿಟ್ಟಿದ್ದಳು.

"ಇಲ್ಲ" ಎಂದಳು. "ಅವರು ಇದ್ದಾಗಲೇ ಶುರುವಾಗಿತ್ತು."

ಸುತ್ತೋ ಟೀಚರ್ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡರು. ಯಾಕೆ ಬರೆಯಲಿಲ್ಲ ಎಂದು ಕೇಳಲಿಲ್ಲ. "ಶಾಲೇಲಿ ದಿನ ಹೇಗೆ ಹೋಗುತ್ತೆ? ಬೆಳಗ್ಗೆಯಿಂದ ಹೇಳು" ಎಂದರು.

"ಟೀಚರ್ ಬೋರ್ಡ್ ಮೇಲೆ ಲೆಕ್ಕ ಬರೀತಾರೆ. ನಾನು ಮುಗಿಸ್ತೀನಿ. ಮುಗಿಸಿದವರು ಬೆಂಚಿನ ಮೇಲೆ ತಲೆ ಇಡಬೇಕು. ಕಣ್ಣು ಮುಚ್ಚಬೇಕು."

"ಎಲ್ಲೀವರೆಗೆ?"

"ಎಲ್ಲರದೂ ಮುಗಿಯೋವರೆಗೆ."

"ಆಮೇಲೆ?"

"ಅದೇ ಥರದ್ದು ಇನ್ನೊಂದು ಲೆಕ್ಕ ಬರೀತಾರೆ. ಅದೂ ಮುಗಿದ್ರೆ ಮತ್ತೆ ತಲೆ."

"ಅಷ್ಟು ಹೊತ್ತು ಏನ್ ಮಾಡ್ತೀಯಾ?"

"ಬೆಂಚಿನ ಮರದಲ್ಲಿ ಗೆರೆ ಇವೆ. ಕಳ್ಳಗಣ್ಣಲ್ಲಿ ಅವನ್ನ ನೋಡ್ತೀನಿ. ಈಗ ಎಲ್ಲಾ ಬಾಯಿಪಾಠ ಆಗಿವೆ."

"ಪರೀಕ್ಷೇಲೂ ಹಾಗೇನಾ?"

ಹುಡುಗಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ ಹೇಳಿದಳು. "ಬೇಗ ಮುಗಿಸಿದ್ರೆ ಬೆಲ್ ಹೊಡೆಯೋವರೆಗೂ ತಲೆ ಇಡಬೇಕು. ಮುಗಿಸದೇ ಇದ್ರೆ ನೆಟ್ಟಗೆ ಕೂತಿರಬಹುದು. ಕಿಟಕಿ ಕಾಣುತ್ತೆ. ಅದಕ್ಕೇ ಮುಗಿಸಲಿಲ್ಲ."

ಮೈದುನ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ.

"ಗೊತ್ತಿದ್ದಾಗ ಕೈ ಎತ್ತಲ್ವಾ ನೀನು?"

"ಮೊದಲು ಎತ್ತುತ್ತಿದ್ದೆ. ಟೀಚರ್ 'ನಿನಗೆ ಗೊತ್ತಿದೆ ಅಂತ ಗೊತ್ತು, ಬೇರೆಯವರು ಹೇಳಲಿ' ಅಂತಾರೆ. ಮಕ್ಕಳು 'ಬಂದಳು ನೋಡು ಪಂಡಿತೆ' ಅಂತಾರೆ. ಆಟಕ್ಕೆ ಕರೆಯಲ್ಲ."

"ಅಮ್ಮಂಗೆ ಹೇಳಬಹುದಿತ್ತಲ್ಲ."

"ಅಮ್ಮಂಗೆ ಮೊದಲೇ ಬೇಜಾರಿದೆ."

ತಾಯಿ ಎದ್ದು ಲೋಟಗಳನ್ನು ತೊಳೆದಳು. ತೊಳೆದಿಟ್ಟ ಲೋಟಗಳನ್ನೇ ಇನ್ನೊಮ್ಮೆ ತೊಳೆದಳು.

ಹುಡುಗಿ ಪಕ್ಕದ ಕೋಣೆಗೆ ಹೋದ ಮೇಲೆ ಮೈದುನ ಬಾಯಿ ಬಿಟ್ಟ. "ಮೇಡಂ, ತಪ್ಪು ತಿಳ್ಕೋಬೇಡಿ. ಜಾಣೆ ಅಂದ್ರೆ ಒಳ್ಳೇದೇ ಆಯ್ತಲ್ಲ. ಜಾಣರು ಹೇಗೋ ದಾರಿ ಹುಡುಕ್ಕೋತಾರೆ. ನಿಮ್ಮಂಥೋರು ದಡ್ಡರನ್ನ ನೋಡ್ಕೊಳ್ಳಿ. ನನ್ನಂಥೋರನ್ನ."

"ಹುಡುಕ್ಕೊಂಡಿದ್ದಾಳಲ್ಲಪ್ಪ ದಾರಿ. ಪರೀಕ್ಷೆ ಬರೀದೇ ಇರೋ ದಾರಿ."

ಮೈದುನ ಅಷ್ಟಕ್ಕೇ ಬಿಡಲಿಲ್ಲ. "ಜಾಣೆ ಜಾಣೆ ಅಂತ ತಲೆಗೆ ತುಂಬಿದ್ರೆ ನಾಳೆ ಕೊಬ್ಬು ಬರಲ್ವಾ?"

"ಜಾಣೆ ಅಂತ ಹೊಗಳೋದೇ ಬೇಡ. ಕೆಲಸ ಕೊಡಿ. ಅವಳಿಗೆ ಕಷ್ಟ ಆಗೋ ಕೆಲಸ. ಕಷ್ಟದ್ದು ಕೈಗೆ ಬಂದ್ರೆ ಕೊಬ್ಬು ತಾನಾಗೇ ಇಳಿಯುತ್ತೆ. ನೀವೇ ಹೇಳಿ, ದಿನವಿಡೀ ಕೊಯ್ಯೋಕೆ ಗಾಜು ಕೊಡದೆ, ಅಂಗಡಿ ಮೇಜಿನ ಮೇಲೆ ತಲೆ ಇಟ್ಟು ಮಲಗು ಅಂದ್ರೆ ಎಷ್ಟು ದಿನ ಇರ್ತೀರಿ?"

"ಮೊದಲ ದಿನ ಖುಷಿಯಾಗಿ ಇರ್ತೀನಿ."

"ಎರಡನೇ ದಿನ?"

"ಎರಡನೇ ದಿನ ಗಾಜು ಒಡೀತೀನಿ."

"ಕೆಲವು ಮಕ್ಕಳು ಅದನ್ನೂ ಮಾಡ್ತಾರೆ. ಅವರನ್ನ ತುಂಟರು ಅಂತೀವಿ. ನಿಮ್ಮ ಹುಡುಗಿ ಒಡೀಲಿಲ್ಲ, ಮುದುಡಿಕೊಂಡಳು. ಹೊರಗಿನಿಂದ ನೋಡೋರಿಗೆ ಅದು ದುಃಖದ ಹಾಗೆ ಕಂಡಿದೆ."

ಅವರು ತಾಯಿಯ ಕಡೆ ತಿರುಗಿದರು. "ಗೊತ್ತಿರೋ ಪಾಠಾನೇ ಇನ್ನೊಂದು ವರ್ಷ ಅಂದ್ರೆ ಇನ್ನೊಂದು ವರ್ಷ ಬೆಂಚಿನ ಮೇಲೆ ತಲೆ. ನೀವು ಒಪ್ಪಿಬಿಟ್ರಾ?"

"ಆಯ್ತು ಅಂದಿದ್ದೆ. ಯೋಚನೆ ಮಾಡಿ ಹೇಳಿ ಅಂದ್ರು."

"ಹಾಗಾದ್ರೆ ಇನ್ನೂ ಸಮಯ ಇದೆ. ನಾನೂ ನಿಮ್ಮ ಜೊತೆ ಬರ್ತೀನಿ. ಆದ್ರೆ ಮಾತಾಡಬೇಕಾದವರು ನೀವು."

ಅವರು ಹೋದ ಮೇಲೆ ತಾಯಿ ಮಗಳ ಪಕ್ಕದಲ್ಲಿ ಕೂತಳು. "ನನ್ನ ಹತ್ರ ಕೇಳಬೇಕು ಅಂತ ಇದ್ದು ಕೇಳದೇ ಇಟ್ಕೊಂಡಿದ್ದು ಏನಾದ್ರೂ ಇದ್ಯಾ?"

ಹುಡುಗಿ ತಾಯಿಯ ಕಡೆ ತಿರುಗಿದಳು. "ಅಪ್ಪಂಗೆ ನೋವಿದ್ದಿದ್ದು ಎದೇಲಿ ಅಂದ್ರು ಎಲ್ಲರೂ. ಮತ್ತೆ ಅಪ್ಪ ಎಡಗೈ ಯಾಕೆ ಹಿಡ್ಕೊಂಡಿದ್ರು?"

ಗಂಡ ಹೋದ ಮೇಲೆ ಅವನ ಬಗ್ಗೆ ತಾಯಿ ಮಗಳ ನಡುವೆ ಬಂದ ಮೊದಲ ಮಾತು ಅದು.

"ನನಗೆ ಗೊತ್ತಿಲ್ಲ ಕಂದಾ. ಗೊತ್ತಿರೋರನ್ನ ಕೇಳೋಣ."

ಮರುದಿನ ಇಬ್ಬರೂ ಬೀದಿಯ ಕೊನೆಯ ಡಾಕ್ಟರ್ ಹತ್ತಿರ ಹೋಗಿ ಸಾಲಿನಲ್ಲಿ ಕೂತರು. ಯಾರಿಗೆ ಹುಷಾರಿಲ್ಲ ಎಂದು ಕೇಳಿದರು ಡಾಕ್ಟರ್. ಯಾರಿಗೂ ಅಲ್ಲ ಎಂದಳು ತಾಯಿ. ವಿಷಯ ತಿಳಿದ ಮೇಲೆ ಅವರು ಔಷಧಿ ಬರೆಯುವ ಚೀಟಿಯ ಹಿಂಬದಿಗೆ ಎದೆ, ತೋಳು, ಬೆನ್ನುಹುರಿಯ ಚಿತ್ರ ಬರೆದು, ಹೃದಯದ ನರವೂ ತೋಳಿನ ನರವೂ ಒಂದೇ ಕಡೆ ಬಂದು ಸೇರುತ್ತವೆ, ಹಾಗಾಗಿ ನೋವು ಎಲ್ಲಿಯದೆಂದು ಮೆದುಳಿಗೆ ಗೊಂದಲವಾಗುತ್ತದೆ ಎಂದು ವಿವರಿಸಿದರು. ಹುಡುಗಿ ಇನ್ನೂ ಏನೇನೋ ಕೇಳಿದಳು. ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೂ ಅದು ಗೊತ್ತಿರಲಿಲ್ಲ.

ಶಾಲೆಯಲ್ಲಿ ಮಾತು ಸಲೀಸಾಗಿ ನಡೆಯಲಿಲ್ಲ. ಕ್ಲಾಸ್ ಟೀಚರಿಗೆ ನೋವಾಯಿತು.

"ನನ್ನ ಕ್ಲಾಸಲ್ಲಿ ಐವತ್ತು ಮಕ್ಕಳು. ತಲೆ ಇಡಿ ಅನ್ನದೇ ಇದ್ರೆ ಮುಗಿಸಿದವರೆಲ್ಲ ಸಂತೆ ಮಾಡ್ತಾರೆ. ಹಿಂದೆ ಉಳಿದವರಿಗೆ ಪಾಠ ಹೇಳಲಾ, ಒಬ್ಬಳಿಗೋಸ್ಕರ ಬೇರೆ ಪಾಠ ಮಾಡಲಾ?"

"ನಿಮ್ಮ ಕಷ್ಟ ನಿಜ" ಎಂದರು ಸುತ್ತೋ ಟೀಚರ್. "ಬೇರೆ ಪಾಠ ಬೇಡ. ಮೊದಲು ಒಂದು ನೋಡೋಣ. ಅದೇ ಲೆಕ್ಕದ ಪರೀಕ್ಷೆ ಇನ್ನೊಮ್ಮೆ ಕೊಡಿ. ಮುಗಿಸಿದ ಮೇಲೆ ತಲೆ ಇಡಬೇಕಾಗಿಲ್ಲ ಅಂತ ಮೊದಲೇ ಹೇಳಿಬಿಡಿ."

ಆಫೀಸಿನ ಪಕ್ಕದ ಕೋಣೆಯಲ್ಲಿ ಹುಡುಗಿ ಬರೆದಳು. ದೊಡ್ಡವರು ಕೂತಿದ್ದರು. ಅವರಿಗೆ ತಂದ ಟೀ ಆರುವ ಮೊದಲೇ ಅವಳು ಎದ್ದು ಬಂದು ಉತ್ತರ ಪತ್ರಿಕೆ ಕೊಟ್ಟಳು. ಕ್ಲಾಸ್ ಟೀಚರ್ ಕೆಂಪು ಪೆನ್ನು ತೆಗೆದು ನೋಡುತ್ತ ಹೋದರು. ಕೊನೆಯವರೆಗೂ ಪೆನ್ನಿಗೆ ಕೆಲಸ ಬರಲಿಲ್ಲ.

"ನಿದ್ದೆ ಮಾಡ್ತಿದ್ದಾಳೆ ಅಂದ್ಕೊಂಡಿದ್ದೆ" ಎಂದರು ಟೀಚರ್.

ಆಮೇಲೆ ಎಲ್ಲರೂ ತಾಯಿಯ ಕಡೆ ನೋಡಿದರು. ಅವಳ ಬಾಯಿಗೆ ಆಯ್ತು ಎಂಬ ಮಾತು ಬಂದಿತ್ತು. ಅದು ಎಷ್ಟೋ ತಿಂಗಳಿಂದ ತಾನಾಗಿ ಬರುತ್ತಿದ್ದ ಮಾತು.

"ಬೇಡ ಮೇಡಂ" ಎಂದಳು. "ಅದೇ ಕ್ಲಾಸಲ್ಲಿ ಕೂರಿಸಬೇಡಿ. ಅವರಪ್ಪ ಇದನ್ನೇ ಮಾತಾಡೋಕೆ ಬರಬೇಕು ಅಂತಿದ್ರು. ಅವರ ಬದಲು ನಾನು ಬಂದಿದೀನಿ."

ರಜೆ ಮುಗಿದು ಹುಡುಗಿ ಐದನೆಯ ತರಗತಿಗೆ ಹೋದಳು. ಕ್ಲಾಸ್ ಟೀಚರ್ ಈ ಸಲವೂ ಅವರೇ. ಬೆಂಚಿನ ಮೇಲೆ ತಲೆ ಇಡುವುದು ನಿಂತಿತು. ಕೋಣೆಯ ಹಿಂಬದಿಯಲ್ಲಿ ಒಂದು ಕಪಾಟಿನಲ್ಲಿ ಒಗಟು, ನಕ್ಷೆ, ಕಥೆ ಪುಸ್ತಕ, ತಲೆ ತಿನ್ನುವ ಲೆಕ್ಕ ಇಟ್ಟರು. ಮುಗಿಸಿದವರು ಯಾರೇ ಆಗಲಿ ಹೋಗಿ ತೆಗೆದುಕೊಳ್ಳಬಹುದು. ಮೊದಲ ಕೆಲವು ಲೆಕ್ಕ ತಪ್ಪಿಲ್ಲದೆ ಬಂದರೆ ಅದೇ ಥರದ ಉಳಿದವನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು. ಗಣಿತದ ಹೊತ್ತಿಗೆ ಮಾತ್ರ ಹುಡುಗಿ ಆರನೆಯ ತರಗತಿಗೆ ಹೋಗಿ ಕೂರಬೇಕು ಎಂದಾಯಿತು.

ಇಲ್ಲಿಗೆ ಕಥೆ ಮುಗಿಯಿತು ಎಂದರೆ ಸುಳ್ಳಾಗುತ್ತದೆ.

ಆರನೆಯ ತರಗತಿಯ ಮಕ್ಕಳು ಅವಳನ್ನು ಮರಿ ಎಂದರು. ಪೆನ್ಸಿಲ್ ಬಿದ್ದರೆ, ಮರೀ ಎತ್ತಿಕೊಡು ಎಂದರು. ತನ್ನ ತರಗತಿಗೆ ವಾಪಸ್ಸು ಬಂದರೆ, ಮೇಲಿನವರು ಬಂದ್ರು ಜಾಗ ಬಿಡ್ರೋ ಎಂದರು. ಊಟದ ಹೊತ್ತಿನಲ್ಲಿ ಅವಳು ನಲ್ಲಿಯ ಕಟ್ಟೆಯ ಮೇಲೆ ಒಬ್ಬಳೇ ಕೂತು ಡಬ್ಬಿ ಖಾಲಿ ಮಾಡುತ್ತಿದ್ದಳು.

"ಅಲ್ಲಿ ಲೆಕ್ಕ ಚೆನ್ನಾಗಿದೆ ಅಮ್ಮಾ" ಎಂದಳು ಒಂದು ಸಂಜೆ. "ಆದ್ರೆ ಅಲ್ಲಿ ಯಾರೂ ಇಲ್ಲ."

ಇಡೀ ಕೋಣೆ ತುಂಬ ಮಕ್ಕಳಿದ್ದರೂ ಯಾರೂ ಇಲ್ಲ ಅನ್ನುವುದು ಏನೆಂದು ತಾಯಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೈದುನ ಇದನ್ನೇ ಕಾಯುತ್ತಿದ್ದವನಂತೆ, "ನಾನು ಹೇಳಿರಲಿಲ್ವಾ? ಹೊಸ ಹೊಸ ಆಟ ಬೇಡ ಅಂತ" ಎಂದ.

ಈ ಸಲ ಅವಳು ಹ್ಞೂಂ ಎನ್ನಲಿಲ್ಲ. "ರಟ್ಟು ಒಂದ್ಸಲಕ್ಕೆ ಕೂರುತ್ತಾ? ತಿರುಗಿಸಿ ನೋಡಬೇಕಲ್ವಾ?" ಎಂದು ಸೆರಗು ಸರಿಮಾಡಿಕೊಂಡು ಒಬ್ಬಳೇ ಶಾಲೆಗೆ ಹೋದಳು. ಸುತ್ತೋ ಟೀಚರಿಗೆ ಫೋನ್ ಮಾಡಿದ್ದು ಆಮೇಲೆ.

ಅಷ್ಟರಲ್ಲಿ ಕ್ಲಾಸ್ ಟೀಚರ್ ಇನ್ನೊಂದು ಸಂಗತಿ ನೋಡಿದ್ದರು. ಹಿಂದಿನ ಕಪಾಟಿನಲ್ಲಿ ತಲೆ ತಿನ್ನುವ ಲೆಕ್ಕಗಳು ಯಾಕಮ್ಮ ಮುಟ್ಟುವ ಮೊದಲೇ ಖಾಲಿಯಾಗುತ್ತಿದ್ದವು. ಯಾರೆಂದು ನೋಡಿದರೆ ಬಸ್ ಡ್ರೈವರನ ಮಗಳು. ಶಾಲೆಯಲ್ಲಿ ಅವಳ ಹೆಸರು ಪಟಾಕಿ. ಪಕ್ಕದವಳ ಜಡೆ ಬೆಂಚಿಗೆ ಕಟ್ಟುವವಳು, ಟೀಚರ್ ದನಿಯಲ್ಲಿ ಹಾಜರಿ ಕರೆಯುವವಳು, ವಾರಕ್ಕೆ ಎರಡು ಸಲ ಹೊರಗೆ ನಿಲ್ಲುವವಳು. ಮಾರ್ಕ್ಸು ಅಷ್ಟಕ್ಕಷ್ಟೆ. ಅವಳು ಜಾಣೆ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

"ಪಟಾಕೀ, ಇದನ್ನೆಲ್ಲ ನೀನೇ ಮಾಡಿದ್ಯಾ?"

"ಹೌದು ಮಿಸ್. ಹೊರಗೆ ನಿಂತ್ಕೊಂಡು ಮಾಡಿದೆ. ಅಲ್ಲಿ ಯಾರ ಕಾಟಾನೂ ಇಲ್ಲ."

ಮುಂದಿನ ವಾರದಿಂದ ಗಣಿತಕ್ಕೆ ಆರನೆಯ ತರಗತಿಗೆ ಇಬ್ಬರು ಹೋದರು. ಉಳಿದೆಲ್ಲ ಪಾಠ, ಆಟ, ಊಟ ತಮ್ಮ ತರಗತಿಯಲ್ಲೇ. ಅಲ್ಲಿ ಮೂರು ನಾಲ್ಕು ಮಕ್ಕಳ ಗುಂಪು ಮಾಡಿ, ಎಲ್ಲರ ಕೈಯೂ ಬೇಕಾಗುವ ಕೆಲಸ ಕೊಟ್ಟರು. ಒಂದು ಸಲ ಶಾಲೆಯ ಅಂಗಳದ ನಕ್ಷೆ. ಒಬ್ಬರು ಅಳೆಯಬೇಕು, ಒಬ್ಬರು ಬರೆಯಬೇಕು, ಒಬ್ಬರು ಬಣ್ಣ ಹಾಕಬೇಕು. ಯಾಕಮ್ಮನಿಗೆ ಲೆಕ್ಕ ಬಂತು, ಬಣ್ಣ ಬರಲಿಲ್ಲ. ಅವಳು ಬಳಿದ ಮರ ನೋಡಿ ಗುಂಪಿನವರೆಲ್ಲ ನಕ್ಕರು. ಅವಳೂ ನಕ್ಕಳು ಎಂದು ಟೀಚರ್ ಫೋನ್ ಮಾಡಿ ತಾಯಿಗೆ ತಿಳಿಸಿದರು.

ಮಧ್ಯದಲ್ಲಿ ಟೀಚರೊಬ್ಬರು ಇವರಿಬ್ಬರನ್ನು ದಿನವಿಡೀ ಹಿಂದುಳಿದವರಿಗೆ ಹೇಳಿಕೊಡಲು ಕೂರಿಸಿಬಿಟ್ಟಿದ್ದರು. ಅದಕ್ಕೂ ತಾಯಿಯೇ ಹೋಗಿ ಹೇಳಬೇಕಾಯಿತು. ಹೇಳಿಕೊಡಲಿ, ಒಳ್ಳೆಯದೇ. ಆದರೆ ಅವರೂ ಕಲಿಯಲು ಬಂದವರು.

ಮೈದುನ ತಾನು ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕಷ್ಟದ ಅಳತೆ ಬಂದರೆ, "ನಮ್ಮ ಇಂಜಿನಿಯರ್ ಶಾಲೆಯಿಂದ ಬರಲಿ. ಆಮೇಲೆ ಕೊಯ್ತೀನಿ" ಎನ್ನತೊಡಗಿದ. ಗಿರಾಕಿಗಳು ಯಾರೋ ದೊಡ್ಡ ಮನುಷ್ಯ ಬರುತ್ತಾನೆಂದು ಕಾಯುತ್ತಿದ್ದರು. ಒಮ್ಮೆ ಎದುರು ಅಂಗಡಿಯವನು, ಜಾಣ ಮಕ್ಕಳಿಗೆ ಯಾರ ಸಹಾಯ ಬೇಕು ಬಿಡಿ ಎಂದಿದ್ದಕ್ಕೆ ಇವನು ಕಟ್ಟರ್ ಕೆಳಗಿಟ್ಟು, ಊಟದ ಹೊತ್ತು ಮೀರುವವರೆಗೂ ಅವನಿಗೆ ಬುದ್ಧಿ ಹೇಳಿದನಂತೆ.

ತಿಂಗಳಿಗೆ ಎರಡು ಶನಿವಾರ ಸುತ್ತೋ ಟೀಚರ್ ಅಕ್ಕಪಕ್ಕದ ಶಾಲೆಗಳ ಇಂಥ ಮಕ್ಕಳನ್ನು ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಸೇರಿಸುತ್ತಾರೆ. ಎಂಟು ವರ್ಷದವರೂ ಇದ್ದಾರೆ, ಹದಿಮೂರರವರೂ ಇದ್ದಾರೆ. ಅಲ್ಲಿ ಅವಳು ಪಂಡಿತೆಯೂ ಅಲ್ಲ, ಮರಿಯೂ ಅಲ್ಲ. ಅಲ್ಲಿ ಅವಳು ಸೋಲುತ್ತಾಳೆ. ಸೋತು ಬಂದ ದಿನ ಹೆಚ್ಚು ಊಟ ಮಾಡುತ್ತಾಳೆ.

ಒಂದು ಶನಿವಾರ ತಾಯಿ ಅವಳನ್ನು ಕರೆತರಲು ಹೋದಳು. ಗ್ರಂಥಾಲಯದ ಹೊರಗೆ, ಸೈಕಲ್ಲುಗಳ ಪಕ್ಕದಲ್ಲಿ ನಿಂತಳು. ಬೇರೆ ತಾಯಂದಿರು ಇಬ್ಬಿಬ್ಬರಾಗಿ ಮಾತಾಡುತ್ತಿದ್ದರು. ಬಾಗಿಲು ತೆರೆಯಿತು. ಯಾಕಮ್ಮ ಮತ್ತು ಪಟಾಕಿ ಜಗಳವಾಡುತ್ತ ಇಳಿದು ಬಂದರು.

"ನೀನು ಹೇಳಿದ್ದು ತಪ್ಪು."

"ಎಲ್ಲಿ ತಪ್ಪು, ತೋರಿಸು."

"ಲೆಕ್ಕದ ಮೊದಲನೇ ಹಂತದಲ್ಲೇ ತಪ್ಪು. ನೀನು ಕೇಳಿಸ್ಕೊಳ್ಳೋದೇ ಇಲ್ಲ."

ಇಬ್ಬರೂ ತಾಯಿಯ ಪಕ್ಕದಲ್ಲೇ ಹಾದು ಹೋದರು. ಅವಳನ್ನು ನೋಡಲಿಲ್ಲ. ಅವಳು ಕರೆಯಲಿಲ್ಲ. ಮಗಳ ದನಿ ಬೀದಿಯ ಗದ್ದಲದ ಮೇಲೆ ಕೇಳಿಸುತ್ತಿತ್ತು. ನಾಲ್ಕು ಹೆಜ್ಜೆ ಬಿಟ್ಟು ಅವಳು ಹಿಂದೆ ನಡೆದಳು. ಮನೆಯವರೆಗೂ ಹಾಗೆಯೇ ನಡೆದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ಟೀಚರುಗಳೇ,

ಬೇಗ ಕಲಿಯುವ ಮಗುವಿಗೆ ಯಾರೂ ಬೇಡ ಎಂದುಕೊಳ್ಳಬೇಡಿ. ಅಂಥ ಮಗು ಒಂದೇ ಥರ ಕಾಣುವುದಿಲ್ಲ. ಒಂದು ಮಗು ಮೊದಲನೆಯ ಸ್ಥಾನ ತರುತ್ತದೆ. ಇನ್ನೊಂದು ತರಗತಿಯಲ್ಲಿ ತೂಕಡಿಸುತ್ತದೆ, ಮತ್ತೊಂದು ಪಕ್ಕದವರ ಜಡೆ ಕಟ್ಟುತ್ತದೆ. ಕಷ್ಟದ್ದನ್ನು ಮಾಡಿ ಸುಲಭದ್ದನ್ನು ತಪ್ಪು ಮಾಡುವ ಮಗು, ಶಾಲೆ ಎಂದರೆ ಹೊಟ್ಟೆನೋವು ಎನ್ನುವ ಮಗು, ಪ್ರಶ್ನೆ ಕೇಳುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದ ಮಗು ನಿಮ್ಮ ಮನೆಯಲ್ಲಿದ್ದರೆ, ಕಾರಣ ನನಗೆ ಗೊತ್ತು ಎಂದು ಸುಮ್ಮನಾಗಬೇಡಿ. ಶಾಲೆಗೆ ಹೋಗಿ ಮಾತಾಡಿ. ಜಗಳಕ್ಕಲ್ಲ, ಜೊತೆಗೆ ಕೂತು ಯೋಚಿಸಲು. ತನ್ನ ತರಗತಿಯಲ್ಲೇ ಸ್ವಲ್ಪ ಕಷ್ಟದ ಕೆಲಸ ಕೊಡಬಹುದು. ಒಂದು ವಿಷಯಕ್ಕೆ ಬೇಕಾದರೆ ಮೇಲಿನ ತರಗತಿಗೆ ಕಳಿಸಬಹುದು, ತನ್ನಂಥ ಮಕ್ಕಳ ಜೊತೆ ವಾರಕ್ಕೋ ತಿಂಗಳಿಗೋ ಒಮ್ಮೆ ಕೂರಿಸಬಹುದು. ಒಂದು ಕೂರದಿದ್ದರೆ ಇನ್ನೊಂದು ನೋಡಿ. ಪಾಠದ ಜೊತೆ ಜೊತೆಗಾರರೂ ಬೇಕು ಎಂಬುದನ್ನು ಮರೆಯಬೇಡಿ.

ಇವತ್ತು ಸಂಜೆ ಮಗು ಮನೆಗೆ ಬಂದಾಗ ಎಷ್ಟು ಮಾರ್ಕ್ಸು ಎಂದು ಕೇಳಬೇಡಿ. ಇವತ್ತು ನಿನಗೆ ಕಷ್ಟ ಆಗಿದ್ದು ಏನು ಎಂದು ಕೇಳಿ. ನಾಳೆಯೂ ಕೇಳಿ. ಏನೂ ಇಲ್ಲ, ಏನೂ ಇಲ್ಲ ಎಂದು ದಿನವೂ ಅದೇ ಉತ್ತರ ಬಂದರೆ, ಚಪ್ಪಲಿ ಹಾಕಿಕೊಂಡು ಶಾಲೆಯ ಕಡೆ ಹೊರಡಿ.